ಟೆಡ್ ವಿಲಿಯಮ್ಸ್‌ನ ಸಿಟ್ಟನ್ನು ಅಳಿಸಬೇಡಿ

ನಮಸ್ಕಾರ. ಅಮೆರಿಕದ ಬೇಸ್‌ಬಾಲ್ ಆಟಗಾರ ಟೆಡ್ ವಿಲಿಯಮ್ಸ್ ಫೈಟರ್ ಪೈಲಟ್ ಆದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ತುಂಬಾ ಚೆನ್ನಾಗಿದೆ, ಆದರೆ ಈಗ ಇರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಯಾಕೆ ಅಂತ ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಒಂದು ತಪ್ಪು. ಆತ ಕಾಲೇಜು ತಂಡದಿಂದ ಬಂದವನಲ್ಲ. ಸ್ಯಾನ್ ಡಿಯಾಗೋದಲ್ಲಿ ಹೈಸ್ಕೂಲ್ ಹುಡುಗನಾಗಿದ್ದಾಗಲೇ ವೃತ್ತಿಪರ ತಂಡ ಸೇರಿದ್ದ. ಕಾಲೇಜು ಮೆಟ್ಟಿಲು ಹತ್ತಿದ್ದು ನೌಕಾಪಡೆಯ ಪೈಲಟ್ ತರಬೇತಿಗೆ. ಮೊದಲು ಆಮ್‌ಹರ್ಸ್ಟ್ ಕಾಲೇಜು, 1943ರಲ್ಲಿ ಚಾಪೆಲ್ ಹಿಲ್‌ನ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯ. ಅಲ್ಲಿ ಕೆಡೆಟ್‌ಗಳ ತಂಡದಲ್ಲಿ ಬೇಸ್‌ಬಾಲ್ ಆಡಿದ, ನಿಮಗೆ ಗೊಂದಲ ಆಗಿದ್ದು ಬಹುಶಃ ಇಲ್ಲೇ. ನಿಜವನ್ನೇ ಬರೆಯಿರಿ, ಅದೇ ಜಾಸ್ತಿ ರುಚಿಯಾಗಿದೆ: ದೇಶಕ್ಕೆಲ್ಲ ಗೊತ್ತಿದ್ದ ಆಟಗಾರ ಕ್ಲಾಸಿನಲ್ಲಿ ಕೂತು ಪಾಠ ಕೇಳುತ್ತಿದ್ದ.

1941ರಲ್ಲಿ ಅವನ ಸರಾಸರಿ .406 ಅಂತ ಬರೆದು ಬಿಟ್ಟಿದ್ದೀರಿ. ನಮ್ಮ ಓದುಗರಿಗೆ ಅದು ಏನು ಗೊತ್ತಾಗುತ್ತೆ? ಬೇಸ್‌ಬಾಲ್‌ನಲ್ಲಿ 10 ಅವಕಾಶಕ್ಕೆ 3 ಸಲ ಹಿಟ್ ಆದರೆ ಒಳ್ಳೆ ಬ್ಯಾಟರ್, ಈತ 4 ಸಲ ಹೊಡೆದ ಅನ್ನಿ, ಸಾಕು. ಪ್ರತಿ ಪ್ಯಾರಾದಲ್ಲೂ ಕ್ರಿಕೆಟಿಗರನ್ನು ಎಳೆದು ತರಬೇಡಿ.

ಈಗ ನನ್ನ ದೊಡ್ಡ ತಕರಾರು. 'ದೇಶ ಕರೆದಾಗಲೆಲ್ಲ ನಗುತ್ತಾ ಹೊರಟ' ಅಂತ ಬರೆದಿದ್ದೀರಿ. ಹಾಗಾಗಲಿಲ್ಲ. 1942ರ ಶುರುವಿನಲ್ಲಿ, ತಾಯಿ ತನ್ನನ್ನೇ ನಂಬಿದ್ದಾರೆ ಅಂತ ಸೇನೆಯಿಂದ ವಿನಾಯಿತಿ ಪಡೆದಿದ್ದ. ಪತ್ರಿಕೆಗಳು ಅದಕ್ಕೆ ಅವನನ್ನು ಹಿಗ್ಗಾಮುಗ್ಗಾ ಬೈದವು, ಮೇ ತಿಂಗಳಲ್ಲಿ ಆತನೇ ಹೋಗಿ ಸೇರಿದ. ಎರಡನೇ ಮಹಾಯುದ್ಧ ಮುಗಿಯುವವರೆಗೂ ರಣರಂಗಕ್ಕೆ ಹೋಗಲಿಲ್ಲ, ಫ್ಲೋರಿಡಾದ ಪೆನ್ಸಕೋಲಾದಲ್ಲಿ ಬೇರೆಯವರಿಗೆ ವಿಮಾನ ಹಾರಿಸಲು ಕಲಿಸಿದ. ಆಮೇಲೆ 1952ರಲ್ಲಿ, 33ರ ವಯಸ್ಸಿನಲ್ಲಿ, ಮರೀನ್ ಪಡೆಯ ರಿಸರ್ವ್ (ಮೀಸಲು) ಪಟ್ಟಿಯಲ್ಲಿ ಹೆಸರಿದೆ ಅಂತ ಕೊರಿಯಾ ಯುದ್ಧಕ್ಕೆ ಮತ್ತೆ ಕರೆದರು. ಆತನಿಗೆ ವಿಪರೀತ ಸಿಟ್ಟು ಬಂತು, ವರ್ಷಗಳಾದ ಮೇಲೂ ಅದು ಇಳಿಯಲಿಲ್ಲ. ಆದರೂ ಹೋದ. ಜೆಟ್ ಹಾರಿಸಲು ಕಲಿತ, ಪ್ಯಾಂಥರ್ ವಿಮಾನದಲ್ಲಿ 39 ಸಲ ದಾಳಿಗೆ ಹೋಗಿ ಬಂದ. ಮನಸ್ಸಿಲ್ಲದೆ ಹೋದವನು ಕೆಲಸವನ್ನು ಅಷ್ಟು ಶ್ರದ್ಧೆಯಿಂದ ಮಾಡಿದ್ದೇ ನನ್ನನ್ನು ಹಿಡಿದು ನಿಲ್ಲಿಸಿತು. ಸಿಟ್ಟು ತೆಗೆದರೆ ಉಳಿಯುವುದು ಗೋಡೆಗೆ ನೇತುಹಾಕಿದ ಫೋಟೋ ಮಾತ್ರ ಅಲ್ವಾ?

1953ರ ಫೆಬ್ರವರಿ 16ಕ್ಕೆ ನೀವು ಕೊಟ್ಟಿದ್ದು ಎರಡೇ ಸಾಲು. ಅದರಲ್ಲೂ ಒಂದು ಸಾಲು 'ಬಾನು ರಕ್ತವರ್ಣ ತಾಳಿತ್ತು'. ಅದನ್ನು ಹೊಡೆದುಹಾಕಿ, ಆಗಿದ್ದನ್ನು ಬರೆಯಿರಿ. ನೆಲದಿಂದ ಬಂದ ಗುಂಡು ತಗುಲಿ ವಿಮಾನಕ್ಕೆ ಬೆಂಕಿ, ರೇಡಿಯೋ ಸತ್ತಿದೆ, ಪಕ್ಕದಲ್ಲಿ ಹಾರುತ್ತಿದ್ದ ಪೈಲಟ್ ಕೈಸನ್ನೆಯಲ್ಲಿ ದಾರಿ ತೋರಿಸುತ್ತಿದ್ದಾನೆ. ಹೊರಗೆ ಹಾರಬಹುದಿತ್ತು. ಆದರೆ 6 ಅಡಿ 3 ಇಂಚಿನ ಆಳು, ಇಕ್ಕಟ್ಟಾದ ಕಾಕ್‌ಪಿಟ್‌ನಿಂದ ಸೀಟು ಚಿಮ್ಮಿದರೆ ಮಂಡಿ ಚೂರಾಗುತ್ತೆ, ಮತ್ತೆ ಆಡಲು ಆಗಲ್ಲ ಅನ್ನುವ ಭಯ. ಹಾಗಾಗಿ ದಕ್ಷಿಣ ಕೊರಿಯಾದ ಸುವಾನ್ ನೆಲೆಯಲ್ಲಿ ಚಕ್ರ ಇಳಿಯದೆ ಹೊಟ್ಟೆಯ ಮೇಲೇ ವಿಮಾನ ಇಳಿಸಿದ, ಅದು ರನ್‌ವೇ ಉದ್ದಕ್ಕೂ ಉಜ್ಜಿಕೊಂಡು ಹೋಗಿ ನಿಂತಾಗ ಹೊರಬಿದ್ದು ಓಡಿದ. ಸಾವಿನ ಎದುರಲ್ಲೂ ಮಂಡಿಯ ಚಿಂತೆ! ಇಡೀ ಮನುಷ್ಯ ಇಲ್ಲಿ ಕಾಣುತ್ತಾನೆ. ಒಂದು ಪುಟ ಕೊಡಿ.

ಮುಂದೆ ಗಗನಯಾತ್ರಿಯಾದ ಜಾನ್ ಗ್ಲೆನ್ ಅದೇ ಸ್ಕ್ವಾಡ್ರನ್‌ನಲ್ಲಿದ್ದರು ಅನ್ನುವುದಕ್ಕೆ ಒಂದು ವಾಕ್ಯ ಸಾಕು. ಅವರ ಗಗನಯಾನದ ಭಾಗ ಪೂರ್ತಿ ತೆಗೆಯಿರಿ.

ಬಾಲ್ಯದಿಂದ ಶುರು ಮಾಡಬೇಡಿ. 1952ರ ಏಪ್ರಿಲ್ 30ರಿಂದ ಶುರು ಮಾಡಿ: ಬಾಸ್ಟನ್‌ನ ಫೆನ್ವೇ ಪಾರ್ಕ್‌ನಲ್ಲಿ ಬೀಳ್ಕೊಡುಗೆ ಪಂದ್ಯ, ಅವತ್ತು ಆತ ಹೋಮ್ ರನ್ (ಚೆಂಡನ್ನು ಬೇಲಿಯಾಚೆ ಕಳಿಸುವ ಹೊಡೆತ) ಹೊಡೆದೇ ಹೊರಟ. 1,000 ಪದದೊಳಗೆ ಮುಗಿಸಿ ಮತ್ತೆ ಕಳಿಸಿ. ಈ ಲೇಖನ ನಮಗೆ ಬೇಕು.