ಓದುಗರ ಪ್ರಶ್ನೆ, ನಮ್ಮ ಉತ್ತರ: ದೊಡ್ಡ ನಳಿಕೆಯ ಗಾಳಿ ಬಂದೂಕು

ಪ್ರಶ್ನೆ: ಮದ್ದೂರು ತಾಲ್ಲೂಕಿನಲ್ಲಿ ನಮಗೆ ಎರಡು ಎಕರೆ ಕಬ್ಬು, ಒಂದಿಷ್ಟು ರಾಗಿ ಹೊಲವಿದೆ. ಮಂಡ್ಯದಲ್ಲಿ ನನ್ನದೇ ಸಣ್ಣ ಲೇತ್ ವರ್ಕ್‌ಶಾಪ್ ಇದೆ. ಕಾಡುಹಂದಿಗಳ ಕಾಟದಿಂದ ಬೆಳೆ ಕೈಗೆ ಬರುತ್ತಿಲ್ಲ. ವಿದೇಶಗಳಲ್ಲಿ 9 ಮಿ.ಮೀ., 11 ಮಿ.ಮೀ. ನಳಿಕೆಯ, ಬೇಟೆಗೆಂದೇ ಮಾಡಿದ ಏರ್ ರೈಫಲ್‌ಗಳು ಇವೆಯೆಂದು ವಿಡಿಯೊಗಳಲ್ಲಿ ನೋಡಿದೆ. ಮೂರು ಕೆ.ಜಿ. ಮೀರದ, ಆದರೆ ಬಲವಾದ ಅಂಥದ್ದೊಂದನ್ನು ನಾನೇ ವಿನ್ಯಾಸ ಮಾಡಿ ತಯಾರಿಸಬಹುದೇ? ಮದ್ದಿಲ್ಲದ ಬಂದೂಕಾದ್ದರಿಂದ ಪರವಾನಗಿ ಬೇಡವೆಂದು ಸ್ನೇಹಿತರು ಹೇಳುತ್ತಾರೆ.
– ಓದುಗರು, ಮದ್ದೂರು ತಾಲ್ಲೂಕು

ಉತ್ತರ: ಮಾನ್ಯರೇ, ನಿಮ್ಮ ಪ್ರಶ್ನೆಯಲ್ಲಿ ಯಂತ್ರಶಾಸ್ತ್ರದ ಒಂದು ಒಳ್ಳೆಯ ಸಮಸ್ಯೆಯೂ ಕಾನೂನಿನ ಒಂದು ದೊಡ್ಡ ತೊಡಕೂ ಒಟ್ಟಿಗೆ ಸೇರಿಕೊಂಡಿವೆ. ಲೇತ್ ಮುಂದೆ ನಿಲ್ಲುವ ಮೊದಲೇ ತಿಳಿದಿರಬೇಕಾದ ಮಾತಾದ್ದರಿಂದ ಕಾನೂನನ್ನು ಮೊದಲು ಹೇಳುತ್ತೇನೆ.

ನಿಮ್ಮ ಸ್ನೇಹಿತರ ಮಾತು ಅರ್ಧ ಮಾತ್ರ ನಿಜ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಕೆಯ ವ್ಯಾಸ 4.5 ಮಿ.ಮೀ. ಮೀರದ, ಗುಂಡು ಹೊರಬೀಳುವಾಗಿನ ಶಕ್ತಿ 20 ಜೂಲ್ ಮೀರದ ಏರ್ ಗನ್‌ಗಳಿಗೆ ಮಾತ್ರ ವಿನಾಯಿತಿ ಇದೆ. ಈ ಎರಡರಲ್ಲಿ ಯಾವ ಒಂದು ಮಿತಿಯನ್ನು ದಾಟಿದರೂ ಅದು ಪರವಾನಗಿ ಬೇಕಾದ ಆಯುಧ. ನೀವು ಹೇಳುವ 9 ಮಿ.ಮೀ. ಬಂದೂಕು ಎರಡನ್ನೂ ಬಹುದೂರ ದಾಟುತ್ತದೆ. ಇದು ಇಟ್ಟುಕೊಳ್ಳುವ ಮಾತಾಯಿತು. ತಯಾರಿಸುವುದು ಇದಕ್ಕಿಂತ ಗಂಭೀರವಾದ ವಿಷಯ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೆಯ ಕಲಂ ಪ್ರಕಾರ ಪರವಾನಗಿಯಿಲ್ಲದೆ ಆಯುಧ ತಯಾರಿಸುವುದೂ ಮಾರುವುದೂ ಮಾರ್ಪಡಿಸುವುದೂ ನಿಷಿದ್ಧ. ಕಾಯ್ದೆ ‘ಆಯುಧ’ ಎಂದು ಕರೆಯುವುದರಲ್ಲಿ ಅದರ ಬಿಡಿಭಾಗಗಳೂ ಸೇರುತ್ತವೆ. ಆದ್ದರಿಂದ ‘ಬರೀ ನಳಿಕೆ ತಾನೇ ಕಡೆದದ್ದು’ ಎಂಬ ಸಮಜಾಯಿಷಿ ನಡೆಯುವುದಿಲ್ಲ. 2019ರ ತಿದ್ದುಪಡಿಯ ನಂತರ ಈ ಅಪರಾಧಕ್ಕೆ ಶಿಕ್ಷೆ ಇನ್ನಷ್ಟು ಕಠಿಣವಾಗಿದೆ. ಹತ್ತಿರದ ಕೊಡಗಿನಲ್ಲಿ ಕೊಡವರಿಗೂ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಬಂದೂಕಿನ ವಿನಾಯಿತಿ ಇದೆಯಲ್ಲ ಎಂದು ನಮ್ಮ ಭಾಗದಲ್ಲಿ ಹಲವರು ಕೇಳುವುದುಂಟು. ಆ ವಿನಾಯಿತಿ ಅವರಿಗೆ ಸೀಮಿತವಾದದ್ದು, ಅದೂ ಇಟ್ಟುಕೊಳ್ಳುವುದಕ್ಕೆ. ಮಂಡ್ಯದ ವರ್ಕ್‌ಶಾಪಿನಲ್ಲಿ ಬಂದೂಕು ಮಾಡುವುದಕ್ಕೆ ಅದು ಆಧಾರವಾಗದು.

ಹೀಗಾಗಿ ಈ ಬಂದೂಕನ್ನು ಮಾಡಬೇಡಿ ಎಂಬುದೇ ನನ್ನ ನೇರ ಉತ್ತರ. ಆದರೂ ‘ಹಗುರವಾಗಿರಬೇಕು, ಬಲವಾಗಿಯೂ ಇರಬೇಕು’ ಎಂಬ ನಿಮ್ಮ ಷರತ್ತು ಕಾಗದದ ಮೇಲೆ ಲೆಕ್ಕ ಹಾಕಿ ನೋಡಲು ಬಹಳ ಯೋಗ್ಯವಾದದ್ದು. ಈ ಎರಡು ಗುಣಗಳು ಎಲ್ಲೆಲ್ಲಿ ಒಂದನ್ನೊಂದು ಎಳೆದಾಡುತ್ತವೆ ಎಂಬುದನ್ನು ವಿಡಿಯೊಗಳಲ್ಲಿ ಯಾರೂ ಹೇಳುವುದಿಲ್ಲ.

ಗಾಳಿ ಬಂದೂಕಿನಲ್ಲಿ ಗುಂಡನ್ನು ತಳ್ಳುವ ಬಲವೆಂದರೆ ಒತ್ತಡವನ್ನು ನಳಿಕೆಯ ಅಡ್ಡಕೊಯ್ತದ ವಿಸ್ತೀರ್ಣದಿಂದ ಗುಣಿಸಿದ್ದು. 4.5 ಮಿ.ಮೀ. ನಳಿಕೆಯ ವಿಸ್ತೀರ್ಣ ಸುಮಾರು 16 ಚದರ ಮಿ.ಮೀ.; ವ್ಯಾಸವನ್ನು ಎರಡು ಪಟ್ಟು ಮಾಡಿ 9 ಮಿ.ಮೀ.ಗೆ ಏರಿಸಿದರೆ ವಿಸ್ತೀರ್ಣ ನಾಲ್ಕು ಪಟ್ಟಾಗಿ ಸುಮಾರು 64 ಚದರ ಮಿ.ಮೀ. ಆಗುತ್ತದೆ. 200 ಬಾರ್ ಒತ್ತಡದಲ್ಲಿ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು) ಮೊದಲನೆಯದರ ಗುಂಡಿನ ಮೇಲೆ ಸುಮಾರು 32 ಕೆ.ಜಿ. ಭಾರದಷ್ಟು ಬಲ ಬಿದ್ದರೆ, ಎರಡನೆಯದರ ಮೇಲೆ 130 ಕೆ.ಜಿ.ಯಷ್ಟು ಬೀಳುತ್ತದೆ. ಅರವತ್ತು ಸೆಂಟಿಮೀಟರ್ ಉದ್ದಕ್ಕೂ ಆ ಬಲ ಕುಂದದೆ ತಳ್ಳಿತೆಂದು ಇಟ್ಟುಕೊಂಡರೆ ಸುಮಾರು 760 ಜೂಲ್ ಬರುತ್ತದೆ. ಇದು ದಾಟಲಾಗದ ಮೇಲ್ಮಿತಿ. ಗಾಳಿ ಹಿಗ್ಗುತ್ತ ಒತ್ತಡ ಇಳಿಯುವುದರಿಂದಲೂ ಕವಾಟದ (ವಾಲ್ವ್) ಇಕ್ಕಟ್ಟಿನಲ್ಲಿ ನಷ್ಟವಾಗುವುದರಿಂದಲೂ ವಾಸ್ತವದಲ್ಲಿ ಕೈಗೆ ಸಿಗುವುದು ಇದಕ್ಕಿಂತ ಬಹಳ ಕಡಿಮೆ. ಒತ್ತಡವನ್ನು ಏರಿಸದೆಯೇ ಬಲ ಹೆಚ್ಚಿಸುವ ದಾರಿ ಇದೊಂದೇ ಆದ್ದರಿಂದ ಬೇಟೆಯ ಏರ್ ರೈಫಲ್‌ಗಳೆಲ್ಲ ದೊಡ್ಡ ನಳಿಕೆಯ ಕಡೆಗೆ ಹೋದವು.

ಇನ್ನು ಇದಕ್ಕೆ ತೆರಬೇಕಾದ ಬೆಲೆಯನ್ನು ನೋಡಿ. ಅದೇ 9 ಮಿ.ಮೀ. ನಳಿಕೆಯ ಒಳಗಿನ ಜಾಗ ಸುಮಾರು 38 ಘನ ಸೆಂ.ಮೀ. ಅದನ್ನು 200 ಬಾರ್ ಗಾಳಿಯಿಂದ ತುಂಬಿದರೆ ಆ ಗಾಳಿಯೊಂದರ ತೂಕವೇ ಒಂಬತ್ತು ಗ್ರಾಂ ಆಗುತ್ತದೆ, ಅಂದರೆ ಅದು ಹೊರಕ್ಕೆ ತಳ್ಳಬೇಕಾದ ಗುಂಡಿನ ತೂಕಕ್ಕೆ ಹೆಚ್ಚುಕಡಿಮೆ ಸಮ. ಗಾಳಿಗೆ ತೂಕವೇ ಇಲ್ಲವೆಂಬ ನಮ್ಮ ನಿತ್ಯದ ಭಾವನೆ ಇಲ್ಲಿ ಪೂರ್ತಿ ದಾರಿ ತಪ್ಪಿಸುತ್ತದೆ: ಬಂದೂಕು ಗುಂಡಿನ ಜೊತೆಗೆ ಅಷ್ಟೇ ಭಾರದ ಗಾಳಿಯನ್ನೂ ಓಡಿಸಬೇಕು, ಹೆಗಲಿಗೆ ಬೀಳುವ ಹೊಡೆತದಲ್ಲಿ ಆ ಗಾಳಿಯ ಪಾಲೂ ಸೇರುತ್ತದೆ. ಗುಂಡೂ ಗಾಳಿಯೂ ಅವೇ ಆಗಿದ್ದು ಬಂದೂಕಿನ ತೂಕ ಮಾತ್ರ ಐದು ಕೆ.ಜಿ.ಯಿಂದ ಮೂರಕ್ಕೆ ಇಳಿದರೆ ಹೆಗಲಿಗೆ ತಟ್ಟುವ ಶಕ್ತಿ ಮೂರನೇ ಎರಡರಷ್ಟು ಹೆಚ್ಚುತ್ತದೆ.

ಗಾಳಿ ತುಂಬಿಡುವ ಸಿಲಿಂಡರಿನ ಲೆಕ್ಕ ಇನ್ನೂ ಕುತೂಹಲಕರ. ಒಂದೇ ಆಕಾರದ, ಒಂದೇ ಲೋಹದ ಪಾತ್ರೆಗೆ ಬೇಕಾಗುವ ತೂಕವು ಒತ್ತಡ ಮತ್ತು ಗಾತ್ರ ಇವೆರಡರ ಗುಣಲಬ್ಧಕ್ಕೆ ಅನುಗುಣವಾಗಿರುತ್ತದೆ, ಒಳಗೆ ಕೂಡಿಡುವ ಶಕ್ತಿಯೂ ಹೆಚ್ಚುಕಡಿಮೆ ಅದಕ್ಕೇ ಅನುಗುಣವಾಗಿರುತ್ತದೆ. ಹೀಗಾಗಿ ಒತ್ತಡ ಹೆಚ್ಚಿಸಿ ಸಿಲಿಂಡರನ್ನು ಚಿಕ್ಕದು ಮಾಡಿದರೆ ತೂಕ ಉಳಿಯುತ್ತದೆಂಬ ಎಣಿಕೆ ಫಲಿಸುವುದಿಲ್ಲ. ಗೋಡೆ ಅಷ್ಟಕ್ಕಷ್ಟು ದಪ್ಪವಾಗಲೇಬೇಕು. ಉಳಿಯುವುದು ಎರಡೇ ದಾರಿ. ಒಂದು, ತೂಕಕ್ಕೆ ಹೋಲಿಸಿದರೆ ಹೆಚ್ಚು ಗಟ್ಟಿಯಾದ ವಸ್ತುವನ್ನು ಬಳಸುವುದು. ಅಗ್ನಿಶಾಮಕ ದಳದವರು ಹೊಗೆಯೊಳಗೆ ಹೋಗುವಾಗ ಬೆನ್ನಿಗೆ ಕಟ್ಟಿಕೊಳ್ಳುವ 300 ಬಾರ್‌ನ ಕಾರ್ಬನ್ ನಾರು ಸುತ್ತಿದ ಸಿಲಿಂಡರುಗಳು ಇದಕ್ಕೆ ಉದಾಹರಣೆ. ಇನ್ನೊಂದು, ಒಮ್ಮೆ ತುಂಬಿದ ಗಾಳಿಯಲ್ಲಿ ಹಾರಿಸುವ ಗುಂಡುಗಳ ಸಂಖ್ಯೆಯನ್ನೇ ಕಡಿಮೆ ಮಾಡಿಕೊಳ್ಳುವುದು. ಹಗುರವೆಂದು ಹೆಸರಾದ ದೊಡ್ಡ ನಳಿಕೆಯ ಏರ್ ರೈಫಲ್‌ಗಳು ಪೂರ್ತಿ ಬಲದ ಕೆಲವೇ ಗುಂಡುಗಳಿಗೆ ಸುಸ್ತಾಗುವುದು ಇದೇ ಕಾರಣಕ್ಕೆ. ನಳಿಕೆಯಲ್ಲಿ ಮಾತ್ರ ವಿನ್ಯಾಸಕಾರನಿಗೆ ನಿಜವಾದ ಉಳಿತಾಯವಿದೆ: ಮದ್ದಿನ ರೈಫಲ್‌ನ ನಳಿಕೆ ನಾಲ್ಕು ಸಾವಿರ ಬಾರ್‌ನಷ್ಟು ಒತ್ತಡವನ್ನು ತಾಳಬೇಕು, ಇಲ್ಲಿ ಇನ್ನೂರು ಮುನ್ನೂರಷ್ಟೇ. ಗೋಡೆ ತೆಳುವಾಗಬಹುದು. ಆದರೆ ತೆಳು ನಳಿಕೆ ಬಾಗುತ್ತದೆ, ಕಂಪಿಸುತ್ತದೆ. ಗುರಿ ತಪ್ಪದಂತೆ ಅದನ್ನು ಹಗುರವಾದ ಹೊರಕೊಳವೆಯಿಂದ ಬಿಗಿಯಬೇಕಾಗುತ್ತದೆ.

ಲೇತ್ ಇರುವವರೆಲ್ಲರೂ ಗಮನಿಸಬೇಕಾದ ಅಪಾಯವೊಂದಿದೆ. ಅರ್ಧ ಲೀಟರ್ ಪಾತ್ರೆಯಲ್ಲಿ 250 ಬಾರ್ ಗಾಳಿ ಇದ್ದು ಅದು ಒಡೆದರೆ ಕ್ಷಣದಲ್ಲಿ ಹೊರಬರುವ ಶಕ್ತಿ ಸುಮಾರು 25,000 ಜೂಲ್, ಅಂದರೆ ಒಂದು ಟನ್ ತೂಕದ ಕಾರನ್ನು ಎರಡೂವರೆ ಮೀಟರ್ ಎತ್ತರಕ್ಕೆ ಎತ್ತಿದಷ್ಟು. ಬಂದೂಕು ಹಿಡಿದವನ ಕೆನ್ನೆ ಆ ಪಾತ್ರೆಯಿಂದ ಒಂದು ಗೇಣು ದೂರದಲ್ಲಿರುತ್ತದೆ. ಅಧಿಕೃತ ಸಿಲಿಂಡರುಗಳನ್ನು ನೀರು ತುಂಬಿ ಪರೀಕ್ಷಿಸುವುದು ಇದಕ್ಕಾಗಿಯೇ: ನೀರು ಬಹುತೇಕ ಕುಗ್ಗುವುದಿಲ್ಲವಾದ್ದರಿಂದ ಪಾತ್ರೆ ಸೀಳಿದರೂ ಸಿಡಿಯುವುದಿಲ್ಲ. ಪಿ.ವಿ.ಸಿ. ಪೈಪು, ಗುಜರಿಯಲ್ಲಿ ಸಿಕ್ಕ ಕೊಳವೆ, ಹಳೆಯ ಅಗ್ನಿಶಾಮಕ ಡಬ್ಬಿ – ಯಾವುದನ್ನೂ ಇಂಥ ಒತ್ತಡಕ್ಕೆ ಒಡ್ಡಬಾರದು. ವೆಲ್ಡಿಂಗ್ ಅಂಗಡಿಯ ಆಮ್ಲಜನಕವನ್ನು ಗಾಳಿಯ ಬದಲು ತುಂಬುವ ಯೋಚನೆಯಂತೂ ಜೀವಕ್ಕೇ ಕುತ್ತು, ಏಕೆಂದರೆ ಹೆಚ್ಚಿನ ಒತ್ತಡದ ಆಮ್ಲಜನಕಕ್ಕೆ ಎಣ್ಣೆಯ ಜಿಡ್ಡು ತಗುಲಿದರೆ ಸಾಕು, ಕಿಡಿಯಿಲ್ಲದೆಯೂ ಹೊತ್ತಿಕೊಳ್ಳುತ್ತದೆ.

ಈಗ ಹಂದಿಯ ವಿಚಾರ. ಕಬ್ಬಿನ ಬುಡ ಕಡಿದು, ಸಾಲು ಸಾಲೇ ಮಲಗಿಸಿ ಹೋದ ಗದ್ದೆಯನ್ನು ಬೆಳಿಗ್ಗೆ ಎದ್ದು ನೋಡುವ ರೈತನ ಸಂಕಟ ಸಣ್ಣದಲ್ಲ. ಅದನ್ನು ಕಾನೂನಿನ ಮಾತಿನಲ್ಲಿ ಮುಚ್ಚಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಕಾಡುಹಂದಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿದೆ. ಅದನ್ನು ಕೊಲ್ಲುವುದು, ಬಲೆಗೆ ಹಾಕುವುದು, ಅದಕ್ಕಾಗಿ ಪ್ರಯತ್ನಿಸುವುದು ಎಲ್ಲವೂ ಬೇಟೆಯೆಂದೇ ಎಣಿಕೆ. ಅದೇ ಕಾಯ್ದೆಯ 11ನೆಯ ಕಲಂ ಒಂದು ದಾರಿಯನ್ನೂ ಇಟ್ಟಿದೆ: ಈ ಅನುಸೂಚಿಯ ಪ್ರಾಣಿಯು ಮನುಷ್ಯರಿಗೋ ನಿಂತ ಬೆಳೆಯೂ ಸೇರಿದ ಆಸ್ತಿಗೋ ಅಪಾಯಕಾರಿಯಾಗಿದೆಯೆಂದು ಮನವರಿಕೆಯಾದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಕಾರಣಗಳನ್ನು ಬರೆದು ಲಿಖಿತ ಅನುಮತಿ ನೀಡಬಹುದು. ಆ ಅನುಮತಿಯಿಲ್ಲದೆ ಬಂದೂಕು ಎತ್ತುವಂತಿಲ್ಲ.

ಪರವಾನಗಿ ಬೇಡದ 20 ಜೂಲ್‌ನ ಏರ್ ಗನ್ನಿನಿಂದಲೇ ಹೆದರಿಸುತ್ತೇನೆ ಎನ್ನುವವರಿಗೂ ಒಂದು ಮಾತು. ನೂರು ಕೆ.ಜಿ. ತೂಗಬಲ್ಲ ಗಂಡು ಹಂದಿಯ ದಪ್ಪ ಚರ್ಮದಡಿ ಆ ಸಣ್ಣ ಗುಂಡು ಗಾಯ ಮಾಡಿ ಕೂರುತ್ತದೆಯೇ ಹೊರತು ಕೊಲ್ಲುವುದಿಲ್ಲ. ಗಾಯಗೊಂಡ ಹಂದಿ ಅಡಗುವುದು ಅದೇ ಕಬ್ಬಿನೊಳಗೆ. ಮರುದಿನ ಮಚ್ಚು ಹಿಡಿದು ಸಾಲಿನೊಳಗೆ ಬಗ್ಗುವ ಕಬ್ಬು ಕಡಿಯುವ ಆಳಿನ ಮೇಲೆ ಅದು ಎರಗಿದರೆ ಹೊಣೆ ಯಾರದು?

ಬೆಳೆ ಹಾನಿಯಾದ ಕೂಡಲೇ ಫೋಟೊ ತೆಗೆದು, ಪಹಣಿಯೊಂದಿಗೆ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಪರಿಹಾರಕ್ಕೆ ಅರ್ಜಿ ಕೊಡಿ. ಅಕ್ಕಪಕ್ಕದ ಹೊಲದವರೂ ಒಟ್ಟಾಗಿ ಕೊಟ್ಟರೆ ಸ್ಥಳ ಪರಿಶೀಲನೆಯೂ ಸುಲಭ, 11ನೆಯ ಕಲಂ ಕೆಳಗಿನ ಮನವಿಗೂ ಬಲ ಬರುತ್ತದೆ. ಸೌರ ಬೇಲಿ ಹಾಕುವುದಾದರೆ ಕ್ಷಣಕಾಲ ಮಾತ್ರ ಮಿಡಿಯುವ ವಿದ್ಯುತ್ತಿನ ಉಪಕರಣವನ್ನೇ ಬಳಸಿ. ಲೈನಿನಿಂದ ನೇರವಾಗಿ ಕರೆಂಟ್ ಎಳೆದು ತಂತಿಗೆ ಕೊಡುವ ಪದ್ಧತಿ ಹಂದಿಯ ಜೊತೆಗೆ ಮನುಷ್ಯರನ್ನೂ ಕೊಂದಿದೆ.

ಪ್ರಶ್ನೆ: ನಾನು ಮೈಸೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಹಿಂದೆ ಗಾಳಿ ಬಂದೂಕುಗಳನ್ನು ಯುದ್ಧದಲ್ಲೂ ಬಳಸುತ್ತಿದ್ದರೆಂದು ಕೇಳಿದ್ದೇನೆ, ನಿಜವೇ? ಗಾಳಿ ಏಕೆ ಮದ್ದಿಗೆ ಸಮನಾಗಲಿಲ್ಲ?
– ವಿದ್ಯಾರ್ಥಿನಿ, ಮೈಸೂರು

ಉತ್ತರ: ನಿಜ. ಬಾರ್ತೊಲೊಮಿಯೊ ಜಿರಾರ್ಡೋನಿ ಎಂಬುವರು 1780ರ ಸುಮಾರಿಗೆ ರೂಪಿಸಿದ ಗಾಳಿ ರೈಫಲ್ ಆಸ್ಟ್ರಿಯಾದ ಸೇನೆಯಲ್ಲಿ ಬಳಕೆಯಲ್ಲಿತ್ತು. ಶ್ರೀರಂಗಪಟ್ಟಣದ ಸೇನೆ ಪೊಳ್ಳಿಲೂರಿನಲ್ಲಿ ಕಬ್ಬಿಣದ ಕೊಳವೆಯ ರಾಕೆಟ್‌ಗಳನ್ನು ಇಂಗ್ಲಿಷರ ಮೇಲೆ ಹಾರಿಸಿದ್ದೂ 1780ರಲ್ಲೇ ಎಂಬುದನ್ನು ನೆನೆದರೆ, ಲೋಹದ ಕೊಳವೆಯೊಳಗೆ ಒತ್ತಡವನ್ನು ಹಿಡಿದಿಡುವ ಕಸುಬು ಆ ಕಾಲದಲ್ಲಿ ಎರಡು ಖಂಡಗಳಲ್ಲಿ ಎಷ್ಟು ಮುಂದುವರಿದಿತ್ತೆಂದು ಮೆಚ್ಚುಗೆಯಾಗುತ್ತದೆ. ಜಿರಾರ್ಡೋನಿಯ ರೈಫಲ್‌ನಲ್ಲಿ ಹೆಗಲಿಗೆ ಆನಿಸುವ ಹಿಂಭಾಗವೇ ಗಾಳಿಯ ಪಾತ್ರೆ. ಇಪ್ಪತ್ತಕ್ಕೂ ಹೆಚ್ಚು ಗುಂಡುಗಳನ್ನು ಒಮ್ಮೆಗೆ ತುಂಬಬಹುದಿತ್ತು. ಹೊಗೆಯಿಲ್ಲ, ಮಳೆಯಲ್ಲಿ ಮದ್ದು ನೆನೆಯುವ ಚಿಂತೆಯಿಲ್ಲ. ಆದರೆ ಪಾತ್ರೆ ತುಂಬಲು ಕೈಪಂಪನ್ನು ಸುಮಾರು 1,500 ಸಲ ಒತ್ತಬೇಕಿತ್ತು. ಸೂಕ್ಷ್ಮವಾದ ಕವಾಟ, ಸೋರುವ ಚರ್ಮದ ವಾಷರುಗಳನ್ನು ರಣರಂಗದಲ್ಲಿ ದುರಸ್ತಿ ಮಾಡುವುದು ಕಷ್ಟವಾಗಿತ್ತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ ಅದು ಸೇನೆಯಿಂದ ಮರೆಯಾಯಿತು. 1803ರಲ್ಲಿ ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ಅವರ ಅಮೆರಿಕದ ಅನ್ವೇಷಣಾ ಯಾತ್ರೆಯಲ್ಲೂ ಗಾಳಿ ಬಂದೂಕೊಂದು ಇತ್ತು.

ಸಮನಾಗದಿರಲು ಒತ್ತಡ ಒಂದೇ ಕಾರಣವಲ್ಲ. ಅನಿಲವು ಹಿಗ್ಗುತ್ತ ಗುಂಡನ್ನು ಹಿಂಬಾಲಿಸುವ ವೇಗಕ್ಕೆ ಆ ಅನಿಲದಲ್ಲಿ ಶಬ್ದ ಸಾಗುವ ವೇಗವೇ ಕಡಿವಾಣ. 20 ಡಿಗ್ರಿ ಸೆಲ್ಸಿಯಸ್‌ನ ಗಾಳಿಯಲ್ಲಿ ಅದು ಸೆಕೆಂಡಿಗೆ ಸುಮಾರು 343 ಮೀಟರ್, ಮೇಲಾಗಿ ಗಾಳಿ ಹಿಗ್ಗಿದಂತೆ ತಣ್ಣಗಾಗಿ ಅದೂ ಇಳಿಯುತ್ತದೆ. ಮದ್ದು ಉರಿದಾಗ ಹುಟ್ಟುವ ಅನಿಲ ಸಾವಿರಾರು ಡಿಗ್ರಿ ಕಾದಿರುವುದರಿಂದ ಅದರಲ್ಲಿ ಶಬ್ದದ ವೇಗ ಹಲವು ಪಟ್ಟು ಹೆಚ್ಚು. ಹೀಲಿಯಂನಂಥ ಹಗುರ ಅನಿಲದಲ್ಲಿ ಕಾಯಿಸದೆಯೇ ಅದು ಸೆಕೆಂಡಿಗೆ ಸುಮಾರು ಸಾವಿರ ಮೀಟರ್ ಇರುತ್ತದೆ; ಅತಿವೇಗದ ಘರ್ಷಣೆಗಳನ್ನು ಅಧ್ಯಯನ ಮಾಡುವ ಪ್ರಯೋಗಾಲಯಗಳು ಹಗುರ ಅನಿಲದ ತೋಪುಗಳನ್ನು ಬಳಸುವುದು ಈ ತತ್ತ್ವದ ಮೇಲೆಯೇ. ಗಾಳಿಯನ್ನೇ ನೆಚ್ಚಿದ ಬಂದೂಕು ಮಾತ್ರ ವೇಗದ ಆಸೆ ಬಿಟ್ಟು, ಭಾರವಾದ ಗುಂಡನ್ನು ನಿಧಾನವಾಗಿ ಕಳಿಸಿ ಬಲ ಪಡೆಯಬೇಕಾಗುತ್ತದೆ.

ನಿಮಗೆ ಈ ವಿಷಯದಲ್ಲಿ ಆಸಕ್ತಿಯಿದ್ದರೆ ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯ ಬಂದೂಕನ್ನು ಅಭ್ಯಾಸ ಮಾಡಿ. 4.5 ಮಿ.ಮೀ. ನಳಿಕೆ, ಐದೂವರೆ ಕೆ.ಜಿ. ತೂಕದ ಮಿತಿ, ಹತ್ತು ಅಂಕದ ಗುರಿ ಅರ್ಧ ಮಿಲಿಮೀಟರ್‌ನ ಚುಕ್ಕೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದರಲ್ಲೇ. ಅಲ್ಲಿ ಬಲಕ್ಕೆ ಬೆಲೆಯಿಲ್ಲ. ಪ್ರತಿ ಗುಂಡಿಗೂ ಗಾಳಿಯನ್ನು ಒಂದೇ ಅಳತೆಯಲ್ಲಿ ಕೊಡುವ ನಿಯಂತ್ರಕದ ಕರಾರುವಾಕ್ಕುತನವೇ ಎಲ್ಲ. ಪ್ರಾಜೆಕ್ಟ್ ವರದಿಗೆ ಅದಕ್ಕಿಂತ ಒಳ್ಳೆಯ ವಿಷಯ ನನಗೆ ತೋಚುವುದಿಲ್ಲ.

ಪ್ರಶ್ನೆ: ಮನೆಯಲ್ಲಿ ತಾತನ ಕಾಲದ ಏರ್ ಗನ್ ಇದೆ. ಅದರ ಮೇಲೆ 5.5 ಎಂದು ಕೆತ್ತಿದೆ. ಇಟ್ಟುಕೊಳ್ಳಬಹುದೇ?
– ಓದುಗರು, ಶ್ರೀರಂಗಪಟ್ಟಣ

ಉತ್ತರ: 5.5 ಎಂದರೆ ನಳಿಕೆಯ ವ್ಯಾಸ. ಮೇಲೆ ಹೇಳಿದ 4.5 ಮಿ.ಮೀ. ಮಿತಿಯನ್ನು ಅದು ದಾಟುವುದರಿಂದ, ಸ್ಪ್ರಿಂಗ್ ಸೊರಗಿ ಬಲ ಕಡಿಮೆಯಾಗಿದ್ದರೂ ಪರವಾನಗಿ ಬೇಕಾಗುತ್ತದೆ. ಅದನ್ನು ರಿಪೇರಿಗೆ ಕೊಡಬೇಡಿ, ಯಾರಿಗೂ ಮಾರಬೇಡಿ, ಹೊರಗೆ ಒಯ್ಯಬೇಡಿ. ಬಂದೂಕು ಮನೆಗೆ ಬಂದ ಬಗೆ, ಅದರ ಮೇಲಿನ ಗುರುತು, ಸಂಖ್ಯೆಗಳನ್ನು ಬರೆದು ನಿಮ್ಮ ವ್ಯಾಪ್ತಿಯ ಪೊಲೀಸ್ ಠಾಣೆಗೆ ತಿಳಿಸಿ. ಇಟ್ಟುಕೊಳ್ಳುವ ಇಚ್ಛೆಯಿದ್ದರೆ ಮಂಡ್ಯದ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಪರವಾನಗಿಗೆ ಅರ್ಜಿ ಹಾಕಿ, ಇಲ್ಲವಾದರೆ ಠಾಣೆಗೆ ಒಪ್ಪಿಸಿ ಸ್ವೀಕೃತಿ ಪತ್ರ ಪಡೆಯಿರಿ.