ಆನೆ ಪುನರ್ವಸತಿ ಕೇಂದ್ರಕ್ಕೆ ಹೋಗುವ ಮುನ್ನ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾವು ರಜೆಗೆ ಹೋಗುವ ಕಡೆ ಮೂರು ಆನೆ ಕೇಂದ್ರಗಳಿವೆ. ಮೂರೂ ‘ರಕ್ಷಿಸಿ ತಂದ ಆನೆಗಳು’ ಎಂದೇ ಹೇಳಿಕೊಳ್ಳುತ್ತವೆ. ನಿಜವಾದದ್ದು ಯಾವುದೆಂದು ಮೊದಲೇ ತಿಳಿಯುವುದು ಹೇಗೆ?

ಉತ್ತರ: ಬೋರ್ಡನ್ನು ನಂಬಬೇಡಿ, ಟಿಕೆಟ್ಟಿನಲ್ಲಿ ಏನೇನು ಸೇರಿದೆ ನೋಡಿ. ಸವಾರಿ, ಚೆಂಡಾಟ, ಸೊಂಡಿಲಿಗೆ ಕುಂಚ ಕೊಟ್ಟು ಚಿತ್ರ ಬರೆಸುವುದು, ತಬ್ಬಿಕೊಂಡು ಫೋಟೊ ತೆಗೆಸಿಕೊಳ್ಳುವುದು, ಇವುಗಳಲ್ಲಿ ಒಂದಿದ್ದರೂ ಆ ಕೇಂದ್ರವನ್ನು ಬಿಟ್ಟುಬಿಡಿ. ದಿನವೂ ಹೊಸ ಹೊಸ ಜನ ಬಂದು ಮೈಮುಟ್ಟಿದರೂ ಅಲುಗದೆ ನಿಲ್ಲುವುದು ಆನೆಯ ಸ್ವಭಾವವಲ್ಲ. ಕಟ್ಟಿಹಾಕಿ, ಅಂಕುಶದ ಭಯ ಹುಟ್ಟಿಸಿ ಕಲಿಸಿದ ಪಾಠ ಅದು. ಸವಾರಿಯಲ್ಲಿ ಇನ್ನೊಂದು ಕೆಡುಕಿದೆ: ಬೆನ್ನಿನ ಮೇಲೆ ಕುರ್ಚಿ ಬಿಗಿಯುವ ಹಗ್ಗ ಹೊಟ್ಟೆಯ ಕೆಳಗೂ ಬಾಲದ ಬುಡದಲ್ಲೂ ಉಜ್ಜಿ ಉಜ್ಜಿ ಹುಣ್ಣಾಗುತ್ತದೆ.

ಆಮೇಲೆ ಫೋನ್ ಮಾಡಿ ಕೇಳಿ. ಒಂದೊಂದು ಆನೆಯೂ ಎಲ್ಲಿಂದ ಬಂತು, ಯಾವ ವರ್ಷ ಬಂತು? ರಾತ್ರಿ ಎಲ್ಲಿರುತ್ತದೆ, ಸರಪಳಿ ಎಷ್ಟು ಹೊತ್ತು? ಕಾಲಡಿ ಮಣ್ಣೋ, ಸಿಮೆಂಟೋ? ಈ ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಆದರೆ ಅದು ಮುಖ್ಯ. ಗಟ್ಟಿ ನೆಲದಲ್ಲಿ, ತನ್ನದೇ ಲದ್ದಿ ಮತ್ತು ಮೂತ್ರದಲ್ಲಿ ವರ್ಷಗಟ್ಟಲೆ ನಿಂತ ಆನೆಯ ಅಂಗಾಲು ಸವೆಯುತ್ತದೆ, ಉಗುರು ಸೀಳುತ್ತದೆ, ಒಳಗೆ ಕೀವು ತುಂಬುತ್ತದೆ. ಸಾಕಿದ ಆನೆಗಳನ್ನು ಸಾವಿನವರೆಗೂ ಒಯ್ಯುವ ಕಾಯಿಲೆಗಳಲ್ಲಿ ಪಾದದ್ದೂ ಒಂದು. ಒಳ್ಳೆಯ ಕೇಂದ್ರದವರು ಪಾದ ತೊಳೆಯುವ, ಉಗುರು ತಿದ್ದುವ ಕೆಲಸದ ಬಗ್ಗೆ ಕೇಳುವ ಮೊದಲೇ ಹೇಳತೊಡಗುತ್ತಾರೆ.

ಸರಪಳಿ ಕಂಡ ಕೂಡಲೇ ಕ್ರೌರ್ಯವೆಂದು ತೀರ್ಮಾನಿಸುವುದೂ ಬೇಡ. ಮದವೇರಿದ ಗಂಡಾನೆಯನ್ನು ಬೇರೆ ಇಡಲೇಬೇಕು. ಆಗ ಕಣ್ಣು–ಕಿವಿಯ ನಡುವಿನ ಗ್ರಂಥಿಯಿಂದ ಮದಜಲ ಕೆನ್ನೆಗೆ ಇಳಿಯುತ್ತಿರುತ್ತದೆ, ಮೂತ್ರ ತೊಟ್ಟಿಕ್ಕುತ್ತಿರುತ್ತದೆ. ಗಾಯಕ್ಕೆ ಮದ್ದು ಹಾಕುವಾಗಲೂ ಕಟ್ಟಬೇಕಾಗಬಹುದು. ಯಾಕೆ ಕಟ್ಟಿದ್ದೀರಿ ಎಂದು ಕೇಳಿದರೆ ನೇರವಾದ ಉತ್ತರ ಸಿಗಬೇಕು.

ಪ್ರಶ್ನೆ: ಮರಿಯಾನೆಗಳಿರುವ ಕೇಂದ್ರ ಮಕ್ಕಳಿಗೆ ಇಷ್ಟವಾಗುತ್ತದೆ. ಅದರಲ್ಲಿ ತಪ್ಪೇನು?

ಉತ್ತರ: ಮರಿ ಎಲ್ಲಿಂದ ಬಂತು ಎಂಬುದರ ಮೇಲೆ ಹೋಗುತ್ತದೆ. ಆನೆಯ ಗರ್ಭ ಸುಮಾರು 22 ತಿಂಗಳು. ಹುಟ್ಟಿದ ಮರಿ ವರ್ಷಗಟ್ಟಲೆ ತಾಯಿಯ ಹಾಲು ಕುಡಿಯುತ್ತದೆ, ಹಿಂಡಿನ ಹೆಣ್ಣಾನೆಗಳ ನಡುವೆ ಬೆಳೆಯುತ್ತದೆ. ರಕ್ಷಣೆಯ ಹೆಸರಿನ ಕೇಂದ್ರದಲ್ಲಿ ಸದಾ ಪುಟ್ಟ ಮರಿಗಳಿದ್ದು, ತಾಯಂದಿರು ಮಾತ್ರ ಕಾಣದಿದ್ದರೆ ಅಲ್ಲಿ ಟಿಕೆಟ್ಟಿಗಾಗಿ ಮರಿ ಹಾಕಿಸುತ್ತಿದ್ದಾರೆ ಇಲ್ಲವೇ ಕೊಂಡು ತರುತ್ತಿದ್ದಾರೆ.

ಅನಾಥ ಮರಿಗಳ ಕೇಂದ್ರಗಳ ಮಾತು ಬೇರೆ. ಕೀನ್ಯಾದ ನೈರೋಬಿಯಲ್ಲಿರುವ ಶೆಲ್ಡ್ರಿಕ್ ಟ್ರಸ್ಟ್ 1977ರಲ್ಲಿ ಆರಂಭವಾದದ್ದು. ಸಾಕಿದ ಮರಿಗಳನ್ನು ಅಲ್ಲಿ ಹಂತಹಂತವಾಗಿ ಕಾಡಿಗೆ ಒಗ್ಗಿಸುತ್ತಾರೆ. ಸಾರ್ವಜನಿಕರಿಗೆ ಬೆಳಗಿನಲ್ಲಿ ಒಂದು ಗಂಟೆ ಮಾತ್ರ ಅವಕಾಶ, ಅದೂ ಮುಂಗಡ ಬುಕಿಂಗ್ ಮಾಡಿದ್ದರೆ. ಶ್ರೀಲಂಕಾದ ಉಡವಲವೆಯಲ್ಲಿ 1995ರಿಂದ ನಡೆಯುತ್ತಿರುವ ಅನಾಥಾಲಯದಲ್ಲಿ ಹಾಲೂಡಿಸುವುದನ್ನು ಅಟ್ಟಣೆಯಿಂದ ನೋಡಬಹುದು, ಮುಟ್ಟುವಂತಿಲ್ಲ. ಮನುಷ್ಯರನ್ನು ಹಚ್ಚಿಕೊಂಡ ಮರಿ ಕಾಡು ಸೇರಿದ ಮೇಲೂ ಊರ ಕಡೆಗೇ ಬರುತ್ತದೆ ಎಂಬುದು ಇಷ್ಟು ಬಿಗಿಗೆ ಕಾರಣ.

ಪ್ರಶ್ನೆ: ಸವಾರಿ ಬೇಡ, ಸರಿ. ಹೊಳೆಯಲ್ಲಿ ಆನೆಗೆ ಮೀಯಿಸುವುದರಲ್ಲಿ ಏನು ತೊಂದರೆ?

ಉತ್ತರ: ಆನೆಗೆ ನೀರು ಬೇಕು, ಕೆಸರೂ ಬೇಕು. ಮೈಗೆ ಮೆತ್ತಿದ ಕೆಸರು ಬಿಸಿಲನ್ನೂ ಕೀಟಗಳನ್ನೂ ತಡೆಯುತ್ತದೆ. ಆದರೆ ಅದು ತನಗೆ ಬೇಕೆನಿಸಿದಾಗ ಇಳಿದು, ಸಾಕೆನಿಸಿದಾಗ ಏಳುತ್ತದೆ. ಪ್ರವಾಸಿಗರ ಒಂದು ತಂಡ ಎದ್ದಂತೆ ಇನ್ನೊಂದಕ್ಕಾಗಿ ಮತ್ತೆ ಮಲಗಿಸಿ ಬ್ರಷ್ಷಿನಿಂದ ತಿಕ್ಕುವುದು ಸ್ನಾನವಲ್ಲ, ದುಡಿಮೆ. ನೀರಿನಲ್ಲಿ ಆನೆ ಲದ್ದಿಯನ್ನೂ ಹಾಕುತ್ತದೆ, ಅದೇ ನೀರು ನಿಮ್ಮ ಬಾಯಿ–ಕಣ್ಣಿಗೂ ಹೋಗುತ್ತದೆ. ಜೀವಕ್ಕೂ ಅಪಾಯವಿದೆ: 2025ರ ಜನವರಿಯಲ್ಲಿ ಥಾಯ್ಲೆಂಡಿನ ಕೇಂದ್ರವೊಂದರಲ್ಲಿ ಆನೆಗೆ ಮೀಯಿಸುತ್ತಿದ್ದ ಸ್ಪೇನಿನ ಯುವತಿಯೊಬ್ಬಳು ಆನೆಯ ತಿವಿತಕ್ಕೆ ಸಿಕ್ಕಿ ಸತ್ತಳು. ಕಾಲು ಜಾರುವ ನೀರಿನಲ್ಲಿ, ಮೂರು–ನಾಲ್ಕು ಟನ್ ತೂಕದ ಪ್ರಾಣಿ ಪಕ್ಕಕ್ಕೆ ತಿರುಗಿದರೂ ಸಾಕು, ತಪ್ಪಿಸಿಕೊಳ್ಳಲು ಜಾಗವಿರುವುದಿಲ್ಲ.

ಪ್ರಶ್ನೆ: ತಲೆಯನ್ನು ಎಡಕ್ಕೂ ಬಲಕ್ಕೂ ತೂಗುತ್ತಲೇ ಇರುವ ಆನೆಯನ್ನು ನೋಡಿದೆವು. ಕುಣಿಯುತ್ತಿದೆ ಎಂದರು.

ಉತ್ತರ: ಕುಣಿತವಲ್ಲ. ಒಂದೇ ಕಡೆ ಕಟ್ಟಿಹಾಕಿ, ಒಂಟಿಯಾಗಿಟ್ಟ ಆನೆಗೆ ಅಂಟಿಕೊಳ್ಳುವ ಚಟ ಅದು. ಬಿಡುಗಡೆಯಾದ ಮೇಲೂ ಎಷ್ಟೋ ವರ್ಷ ಹೋಗುವುದಿಲ್ಲ, ಆದ್ದರಿಂದ ಅದೊಂದನ್ನೇ ನೋಡಿ ಈಗಿನ ಕೇಂದ್ರವನ್ನು ದೂರಬೇಡಿ. ಎಷ್ಟು ಹೊತ್ತು ತೂಗುತ್ತದೆ ಗಮನಿಸಿ. ಮೇವಿನ ಹೊತ್ತಿಗೆ ಮುಂಚೆ ಸ್ವಲ್ಪ ತೂಗಿ, ಮೇವು ಬಂದ ಮೇಲೆ ನಿಲ್ಲಿಸಿದರೆ ಅದು ಹಳೆಯ ಗಾಯದ ಗುರುತು. ತಿನ್ನಲು, ಅಡ್ಡಾಡಲು, ಜೊತೆಗಾರರ ಹತ್ತಿರ ಹೋಗಲು ಅವಕಾಶವಿದ್ದೂ ದಿನವಿಡೀ ತೂಗುತ್ತಿದ್ದರೆ ಚಿಂತಿಸಬೇಕಾದ್ದು. ಕಿವಿ ಬೀಸುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಅದು ಕಿವಿಯ ರಕ್ತನಾಳಗಳ ಮೂಲಕ ಮೈಯ ಬಿಸಿ ಕಳೆಯುವ ದಾರಿ.

ಪ್ರಶ್ನೆ: ಬಾಳೆಹಣ್ಣು, ಕಬ್ಬು ಒಯ್ಯಬಹುದೇ?

ಉತ್ತರ: ಬೇಡ. ದೊಡ್ಡ ಆನೆ ದಿನಕ್ಕೆ ಸುಮಾರು 150 ಕಿಲೋ ಮೇವು ತಿನ್ನುತ್ತದೆ. ಅದರಲ್ಲಿ ಹುಲ್ಲು, ಸೊಪ್ಪು, ತೊಗಟೆಯೇ ಹೆಚ್ಚಿರಬೇಕು. ಬಂದವರೆಲ್ಲ ಸಿಹಿ ಕೊಟ್ಟರೆ ಬೊಜ್ಜು ಬರುತ್ತದೆ, ಹೊಟ್ಟೆನೋವೂ ಬರುತ್ತದೆ. ಮುದಿ ಆನೆಗೆ ಇನ್ನೂ ಕಷ್ಟ. ಆನೆಗೆ ಆಯುಷ್ಯದಲ್ಲಿ ಆರು ಸಲ ದವಡೆ ಹಲ್ಲು ಬರುತ್ತದೆ. ಕೊನೆಯ ಜೊತೆ ಸವೆದ ಮೇಲೆ ಕೇಂದ್ರದವರು ಮೇವನ್ನು ಸಣ್ಣಗೆ ಕತ್ತರಿಸಿ ಕೊಡುತ್ತಾರೆ. ಅದಕ್ಕೆ ಇಡೀ ಕಬ್ಬು ಕೊಟ್ಟರೆ ಅಗಿಯಲಾಗದೆ ನುಂಗಲು ಹೋಗುತ್ತದೆ.

ಪ್ರಶ್ನೆ: ಸಣ್ಣ ಕೆಮ್ಮಿದೆ. ಟಿಕೆಟ್ ಆಗಿಬಿಟ್ಟಿದೆ.

ಉತ್ತರ: ದಿನ ಮುಂದೂಡಿ. ಮನುಷ್ಯರ ಕ್ಷಯ ಆನೆಗೂ ಅಂಟುತ್ತದೆ, ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುತ್ತದೆ.

ಪ್ರಶ್ನೆ: ಆನೆ ದೂರದಲ್ಲೇ ಇದ್ದುಬಿಟ್ಟರೆ ಮಕ್ಕಳು ಬೇಸರಪಡುವುದಿಲ್ಲವೇ?

ಉತ್ತರ: ದೂರವಿದ್ದರೆ ಆ ಕೇಂದ್ರ ಸರಿಯಾಗಿದೆ ಎಂದು ಹೇಳಿಕೊಡಿ. ಅಮೆರಿಕದ ಟೆನೆಸಿಯಲ್ಲಿ 1995ರಲ್ಲಿ ಶುರುವಾದ ಆನೆಧಾಮವಂತೂ ಆನೆಗಳಿರುವ ಜಾಗಕ್ಕೆ ಪ್ರವಾಸಿಗರನ್ನು ಬಿಡುವುದೇ ಇಲ್ಲ, ಕ್ಯಾಮೆರಾದ ಮೂಲಕ ನೋಡಬೇಕು. ಮಕ್ಕಳ ಕೈಗೆ ಬೈನಾಕ್ಯುಲರ್ ಕೊಡಿ. 8x42 ಅಳತೆಯದು (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಅಗಲದ ಮಸೂರದ್ದು) ಸಾಕು. ಫ್ಲ್ಯಾಶ್, ಡ್ರೋನ್ ಬೇಡ. ಬೆಳಗಿನ ತಂಪಿನಲ್ಲಿ ಹೋಗಿ, ಒಂದೇ ಆನೆಯನ್ನು ಅರ್ಧ ಗಂಟೆ ನೋಡಿ. ಕಿತ್ತ ಹುಲ್ಲಿನ ಕಂತೆಯನ್ನು ಮುಂಗಾಲಿಗೆ ಬಡಿದು ಬೇರಿನ ಮಣ್ಣು ಉದುರಿಸಿಯೇ ಅದು ಬಾಯಿಗಿಡುತ್ತದೆ. ಸೊಂಡಿಲಿನ ತುದಿಯನ್ನೂ ಗಮನಿಸಿ: ಏಷ್ಯಾದ ಆನೆಗೆ ಅಲ್ಲಿ ಬೆರಳಿನಂಥದ್ದು ಒಂದು, ಆಫ್ರಿಕಾದ ಆನೆಗೆ ಎರಡು.