ಬೆಂಗಳೂರಿನಲ್ಲಿ ಮನೆಗೊಂದು ಇಂಗುಬಾವಿ ತೋಡಿಸಿದರೆ ನಿಜವಾಗಲೂ ಪ್ರಯೋಜನ ಇದೆಯಾ?

ಇದೆ, ಖಂಡಿತ ಇದೆ. ಇಂಗುಬಾವಿ ಅಂದರೆ ಮಳೆನೀರನ್ನು ನೆಲದೊಳಗೆ ಇಂಗಿಸುವ ಬಾವಿ. ಕಾವೇರಿ ನೀರು ನಮ್ಮ ನಲ್ಲಿಗೆ ಬರಬೇಕಾದರೆ ಸುಮಾರು 100 ಕಿ.ಮೀ. ದೂರದಿಂದ, ಹೆಚ್ಚುಕಡಿಮೆ 500 ಮೀಟರ್ ಮೇಲಕ್ಕೆ ಪಂಪ್ ಮಾಡಬೇಕು. 2024ರ ಅಕ್ಟೋಬರ್‌ನಲ್ಲಿ ಕಾವೇರಿ ನೀರು ಯೋಜನೆಯ ಐದನೇ ಹಂತ ಶುರುವಾಗಿ ದಿನಕ್ಕೆ 775 ದಶಲಕ್ಷ ಲೀಟರ್ ಸೇರಿತು, ನಿಜ. ಆದರೆ ಊರು ಬೆಳೆಯೋದು ನಿಂತಿಲ್ಲ ಅಲ್ವಾ?

ಈಗ ನಿಮ್ಮ ಮನೆಯ ಲೆಕ್ಕ ನೋಡಿ. 30x40 ಸೈಟಿನ ಮೇಲೆ ವರ್ಷಕ್ಕೆ ಬೀಳುವ ಮಳೆ ಸುಮಾರು 1 ಲಕ್ಷ ಲೀಟರ್. ಅದರಲ್ಲಿ ಜಾಸ್ತಿ ಪಾಲು ಸುಮ್ನೆ ಮೋರಿಗೆ ಹೋಗುತ್ತೆ.

ಆ ನೀರನ್ನು ಇಂಗಿಸೋಕೆ ತೋಡಿಸುವ ಇಂಗುಬಾವಿ ಸಾಮಾನ್ಯವಾಗಿ 3 ಅಡಿ ಅಗಲ, 20 ಅಡಿ ಆಳದ ಗುಂಡಿ. ಒಳಗೆ ಒಂದರ ಮೇಲೊಂದು ಸಿಮೆಂಟ್ ರಿಂಗ್ ಇಳಿಸುತ್ತಾರೆ. ತಳಕ್ಕೆ ಮಾತ್ರ ಸಿಮೆಂಟ್ ಹಾಕಿಸಲೇಬೇಡಿ, ನೀರು ಇಳಿಯಬೇಕಾದ ದಾರಿಯೇ ಅದು. ಚಾವಣಿ ನೀರು ಬಾವಿಗೆ ಬೀಳುವ ಮುಂಚೆ ಜಲ್ಲಿ, ಮರಳಿನ ಚಿಕ್ಕ ತೊಟ್ಟಿ ದಾಟಿ ಬರಲಿ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಆ ತೊಟ್ಟಿಯ ಕೆಸರು ತೆಗೆಸಿ. ಇದನ್ನು ಮರೆತರೆ ಹೂಳು ಕಟ್ಟಿ ಬಾವಿಯಲ್ಲಿ ನೀರು ಇಂಗೋದೇ ನಿಂತುಹೋಗುತ್ತೆ. ಶೌಚದ ನೀರು ಹತ್ತಿರವೂ ಸುಳಿಯಬಾರದು.

ತೋಡಿಸೋಕೆ ಮಣ್ಣು ವಡ್ಡರನ್ನೇ ಕರೆಸಿ. ತಲೆಮಾರುಗಳಿಂದ ಬಾವಿ ತೋಡಿದ ಕೈಗಳು, ಮಣ್ಣನ್ನು ಮುಟ್ಟಿಯೇ ನೀರು ಎಷ್ಟು ಬೇಗ ಇಂಗುತ್ತೆ ಅಂತ ಹೇಳುತ್ತಾರೆ. ಕಬ್ಬನ್ ಪಾರ್ಕಿನ ಹಳೇ ಬಾವಿಗಳಿಗೆ ಮತ್ತೆ ಜೀವ ತುಂಬಿದ್ದೂ ಅವರೇ.

ಒಂದು ಮಾತು: ಬಾವಿ ತೋಡಿದ ತಕ್ಷಣ ನಿಮ್ಮ ಬೋರ್‌ವೆಲ್ ತುಂಬಿಬಿಡೋದಿಲ್ಲ. ಇಂಗಿದ ನೀರು ಮೊದಲು ಮೇಲಿನ ಮಣ್ಣಿನ ಪದರದಲ್ಲೇ ನಿಲ್ಲುತ್ತೆ. ಬೀದಿಯಲ್ಲಿ ಹತ್ತು ಮನೆಯವರು ಸೇರಿ ಮಾಡಿಸಿದರೆ ಫಲ ಬೇಗ ಕಾಣುತ್ತೆ.